ಬ್ಯಾಕ್ಟೀರಿಯಾ ಬೆಳೆಸುವಾಗ ಸರ್ಫ್ಯಾಕ್ಟೆಂಟ್ (ಸೋಪಿನಂಥ ವಸ್ತು) ಹಾಕಿದರೆ ಔಷಧದ ಪ್ರೋಟೀನ್ ಜಾಸ್ತಿ ಹೊರಗೆ ಬರುತ್ತದಾ?

ಬರುತ್ತದೆ, ಆದರೆ ಹದ ತಪ್ಪಬಾರದು.

ಈ ಕೆಲಸಕ್ಕೆ ಬಳಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆ. ಪ್ರೋಟೀನ್‌ನ ತುದಿಗೆ ಪೆಲ್‌ಬಿ ಥರದ ಸಿಗ್ನಲ್ ಪೆಪ್ಟೈಡ್ (ದಾರಿ ತೋರಿಸುವ ಪುಟ್ಟ ತುಣುಕು) ಜೋಡಿಸಿದರೆ ಅದು ಒಳಪೊರೆ ದಾಟಿ, ಎರಡರ ನಡುವಿನ ಪೆರಿಪ್ಲಾಸಂಗೆ ಬಂದು, ಅಲ್ಲೇ ಡೈಸಲ್ಫೈಡ್ ಬಂಧ (ಗಂಧಕದ ಕೊಂಡಿ) ಕಟ್ಟಿಕೊಂಡು ಸರಿಯಾಗಿ ಮಡಚಿಕೊಳ್ಳುತ್ತದೆ. ಕಣ್ಣಿಗೆ ಚುಚ್ಚುವ ರಾನಿಬಿಜುಮ್ಯಾಬ್ ಔಷಧ ಇ. ಕೋಲಿಯಲ್ಲೇ ತಯಾರಾಗುವ ಪ್ರತಿಕಾಯದ ತುಂಡು. ಆದರೆ ಹೊರಪೊರೆ ದಾಟಲಾಗದೆ ಬಹುಪಾಲು ಪ್ರೋಟೀನ್ ಪೆರಿಪ್ಲಾಸಂನಲ್ಲೇ ಸಿಕ್ಕಿಕೊಳ್ಳುತ್ತದೆ.

ಟ್ರೈಟಾನ್ ಎಕ್ಸ್-100 ಎಂಬ ಸರ್ಫ್ಯಾಕ್ಟೆಂಟ್ ಹಾಕುವುದು ಇಲ್ಲೇ. ಸ್ವಲ್ಪ ಹಾಕಿದರೆ ಹೊರಪೊರೆ ಸಡಿಲವಾಗಿ ಪ್ರೋಟೀನ್ ಹೊರಗಿನ ಮೀಡಿಯಂಗೆ (ಬೆಳೆಸುವ ದ್ರವಕ್ಕೆ) ಸೋರುತ್ತದೆ, ಕೋಶ ಒಡೆಯುವ ಕೆಲಸ ತಪ್ಪುತ್ತದೆ. ಗ್ಲೈಸಿನ್ ಎಂಬ ಅಮೈನೋ ಆಮ್ಲದ ಜೊತೆಗೂ ಬಳಸುತ್ತಾರೆ, ಅದು ಕೋಶಗೋಡೆಯನ್ನು ದುರ್ಬಲ ಮಾಡುತ್ತದೆ. ಎಸ್‌ಡಿಎಸ್ ಎಂಬ ಸರ್ಫ್ಯಾಕ್ಟೆಂಟ್ ಮಾತ್ರ ಬೇಡ, ಅದು ಪ್ರೋಟೀನ್‌ನ ಆಕಾರವನ್ನೇ ಕೆಡಿಸುತ್ತದೆ.

ಶುರುವಿನಲ್ಲೇ ಸುರಿದರೆ ಬೆಳವಣಿಗೆ ಕುಂಟುತ್ತದೆ, ಹಾಗಾಗಿ ಕೋಶಗಳು ಚೆನ್ನಾಗಿ ಬೆಳೆದ ಮೇಲೆ ಹಾಕುವುದು ವಾಸಿ. ಫರ್ಮೆಂಟರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕ್) ಗಾಳಿ ಊದುವಾಗ ನೊರೆ ಉಕ್ಕುವುದು ಇನ್ನೊಂದು ಗೋಳು.

ನನ್ನ ಪ್ರಕಾರ ನಿಜವಾದ ತಲೆನೋವು ಶುದ್ಧೀಕರಣದ್ದು. ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷವೂ ಜೊತೆಗೇ ಸೋರುತ್ತದೆ, ಅದು ರಕ್ತಕ್ಕೆ ಹೋದರೆ ಜ್ವರ ಗ್ಯಾರಂಟಿ. ಟ್ರೈಟಾನನ್ನೂ ಪೂರ್ತಿ ತೆಗೆಯಬೇಕು. ಪರಿಸರಕ್ಕೆ ಹಾನಿ ಅಂತ 2021ರಿಂದ ಯುರೋಪ್ ಒಕ್ಕೂಟದಲ್ಲಿ ಅದರ ಬಳಕೆಗೆ ಅನುಮತಿ ಬೇಕು. ಹಾಗಾಗಿ ಲ್ಯಾಬ್ ಫ್ಲಾಸ್ಕ್‌ನಲ್ಲಿ ಧಾರಾಳವಾಗಿ ಟ್ರೈ ಮಾಡಿ, ಕಾರ್ಖಾನೆ ಮಟ್ಟಕ್ಕಾದರೆ ಮೊದಲು ಹೊರಪೊರೆ ಸೋರುವ ತಳಿಗಳನ್ನು ನೋಡಿ.