ಸಾಲು ಹೊಳೆಯದಿದ್ದಾಗ: ಹಾಡು ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಐದು ವರ್ಷಗಳಿಂದ ಭಾವಗೀತೆಗಳನ್ನು ಬರೆದು ನಾನೇ ರಾಗ ಹಾಕುತ್ತಿದ್ದೇನೆ. ಈಚಿನ ಏಳೆಂಟು ತಿಂಗಳಲ್ಲಿ ಒಂದು ಪಲ್ಲವಿಯೂ ಪೂರ್ಣವಾಗಿಲ್ಲ. ಬರೆಯಲು ಕುಳಿತರೆ ‘ನಿನ್ನ ನೆನಪು ಮನದ ತುಂಬ ಕಾಡುತಿಹುದು ಅನುಕ್ಷಣ’ ಎಂಬಂಥ ಸಾಲುಗಳೇ ಬರುತ್ತವೆ. ಅವು ನನಗೇ ಹಳಸಲು ಎನಿಸುತ್ತವೆ. ಸ್ಫೂರ್ತಿ ಬರುವವರೆಗೆ ಬರವಣಿಗೆಯನ್ನು ನಿಲ್ಲಿಸುವುದು ಒಳ್ಳೆಯದೇ?

ಉತ್ತರ: ನಿಲ್ಲಿಸಬೇಡಿ. ನಿಮ್ಮ ಸಾಲಿನಲ್ಲಿ ಛಂದಸ್ಸಿನ ದೋಷವೇನೂ ಇಲ್ಲ. ಮೂರು ಮೂರು ಮಾತ್ರೆಯ ಗಣಗಳು (ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಕಾಲ, ಗಣ ಎಂದರೆ ಅವುಗಳ ಗುಂಪು) ಸರಾಗವಾಗಿಯೇ ಓಡುತ್ತವೆ. ಆದರೆ ನೆನಪು, ಮನ, ಕ್ಷಣ ಎಂಬ ಮೂರೂ ಕಣ್ಣಿಗೆ ಕಾಣುವ ವಸ್ತುಗಳಲ್ಲವಾದ್ದರಿಂದ ಕೇಳುವವನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಬರೆಯುವ ನಿಮಗೂ ಮುಂದಿನ ಸಾಲಿಗೆ ದಾರಿ ಕಾಣುವುದಿಲ್ಲ. ಅದೇ ನಡೆಯಲ್ಲಿ ಹೀಗೆ ಬರೆದು ನೋಡೋಣ:

ನೀನು ಮರೆತು ಹೋದ ಕೊಡೆಯು
ಮೂಲೆಯಲ್ಲಿ ಒಣಗಿ ನಿಂತು
ಮತ್ತೆ ಮಳೆಯ ಕಾಯುತಿಹುದು

ಇದು ದೊಡ್ಡ ಕವಿತೆಯೇನಲ್ಲ, ನಿಮ್ಮ ಪತ್ರ ಓದುತ್ತ ಗೀಚಿದ್ದು. ಆದರೂ ‘ನೆನಪು’ ಎಂಬ ಪದವಿಲ್ಲದೆಯೇ ಇಲ್ಲಿ ನೆನಪು ಬಂದಿದೆ. ಅದಕ್ಕಿಂತ ಹೆಚ್ಚಾಗಿ, ಚರಣಕ್ಕೆ ಬೇಕಾದ ಪ್ರಶ್ನೆಗಳು ತಾವಾಗಿಯೇ ಹುಟ್ಟಿವೆ. ಮಳೆ ಬಂದರೆ ಆ ಕೊಡೆಯನ್ನು ಯಾರು ಬಿಚ್ಚುತ್ತಾರೆ? ಬಿಟ್ಟುಹೋದವರು ಎಲ್ಲೋ ನೆನೆಯುತ್ತಿದ್ದಾರೆಯೇ, ಅಥವಾ ಹೊಸ ಕೊಡೆ ಕೊಂಡಿದ್ದಾರೆಯೇ? ನಾವು ಸ್ಫೂರ್ತಿ ಎಂದು ಕರೆಯುವುದು ಬಹಳ ಸಲ ಇಂಥ ಪ್ರಶ್ನೆಯನ್ನೇ, ಮತ್ತು ಅದು ಮೊದಲ ಸಾಲು ಬರೆದ ಮೇಲೆ ಬರುತ್ತದೆಯೇ ಹೊರತು ಅದಕ್ಕೆ ಮೊದಲು ಬರುವುದು ಅಪರೂಪ.

ಆದ್ದರಿಂದ ಒಂದು ತಿಂಗಳ ಮಟ್ಟಿಗೆ ಹಾಡು ಬರೆಯುವ ಹಟ ಬಿಟ್ಟು, ದಿನಕ್ಕೆ ಕಾಲು ಗಂಟೆ ಕೇವಲ ಕಂಡದ್ದನ್ನು, ಕಿವಿಗೆ ಬಿದ್ದ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ‘ಬೇಸರವಾಯಿತು’ ಎಂದು ಬರೆಯಬೇಡಿ. ಬೇಸರವಾದಾಗ ಕೈ ಏನು ಮಾಡುತ್ತಿತ್ತು ಎಂದು ಬರೆಯಿರಿ.

ಅದರ ಜೊತೆಗೆ ಒಂದು ಕಟ್ಟನ್ನೂ ಹಾಕಿಕೊಳ್ಳಿ. ಸ್ವಾತಂತ್ರ್ಯ ಹೆಚ್ಚಿದ್ದಷ್ಟೂ ಕೈ ಸಾಗುತ್ತದೆ ಎಂಬ ನಂಬಿಕೆ ನನಗೂ ಇತ್ತು, ಬರೆಯುತ್ತ ಬರೆಯುತ್ತ ಅದು ಹೋಯಿತು. ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ ಆರು ಸಾಲು, ಒಟ್ಟು 102 ಮಾತ್ರೆ, ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ; ಇಷ್ಟು ಬಿಗಿಯ ಒಳಗೇ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹೇಳಿದ. ನೀವು ಷಟ್ಪದಿಯನ್ನೇ ಬರೆಯಬೇಕಾಗಿಲ್ಲ. ನಾಲ್ಕೇ ಸಾಲಿಗೆ ದ್ವಿತೀಯಾಕ್ಷರ ಪ್ರಾಸವನ್ನಿಟ್ಟು, ಮಳೆ, ಹೊಳೆ, ಕಳೆದ, ಗೆಳತಿ ಎಂದು ಮೊದಲ ಪದಗಳನ್ನಷ್ಟೇ ಒಂದರ ಕೆಳಗೊಂದು ಬರೆದು ನೋಡಿ. ‘ಳ’ಕಾರವನ್ನು ಹುಡುಕುತ್ತಿರುವ ಮನಸ್ಸಿಗೆ ಹಳಸಲು ಸಾಲನ್ನು ನೆನಪಿಸಿಕೊಳ್ಳಲು ಬಿಡುವಿರುವುದಿಲ್ಲ; ಪದವೇ ಒಂದು ಕಥೆಯನ್ನು ಎಳೆದು ತರುತ್ತದೆ.

ಪ್ರಶ್ನೆ: ನನಗೆ ಮೊದಲು ಟ್ಯೂನ್ ಹೊಳೆಯುತ್ತದೆ, ಸಾಹಿತ್ಯ ಹೊಳೆಯುವುದಿಲ್ಲ. ಪದಗಳನ್ನು ಕೂರಿಸಲು ಹೋದಾಗ ಟ್ಯೂನಿನ ಚೆಲುವೇ ಕೆಡುತ್ತದೆ. ಏನು ಮಾಡಲಿ?

ಉತ್ತರ: ಅರ್ಥದ ಗೊಡವೆಯಿಲ್ಲದ ಡಮ್ಮಿ ಸಾಹಿತ್ಯದಿಂದ ಆರಂಭಿಸಿ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಾರ ಪಾಲ್ ಮೆಕಾರ್ಟ್ನಿಗೆ ಒಂದು ಟ್ಯೂನ್ ಕನಸಿನಲ್ಲಿ ಬಂದಿತ್ತು. ಅದಕ್ಕೆ ಪದ ಸಿಗುವವರೆಗೆ ಅವರು ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು ಹಾಡಿಕೊಳ್ಳುತ್ತಿದ್ದರು. 1965ರಲ್ಲಿ ಆ ಜಾಗಕ್ಕೆ ‘ಯೆಸ್ಟರ್‌ಡೇ’ ಬಂದು ಕುಳಿತಿತು. ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ, ಉಚ್ಚಾರದ ತುಣುಕುಗಳು ಮೂರು ಮೂರೇ. ತಾತ್ಕಾಲಿಕ ಪದ ತಮಾಷೆಯದಾದರೂ ಪದದ ಅಳತೆಯನ್ನು ಅದು ಕಾಪಾಡಿಕೊಂಡಿತ್ತು.

ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ಸ್ವರ ಎಳೆಯುವ ಜಾಗದಲ್ಲಿ ‘ಕರು’ ಎಂದು ಬರೆದರೆ ಹಾಡುವಾಗ ಅದು ‘ಕಾರು’ ಆಗಿಬಿಡುತ್ತದೆ, ಹಸುವಿನ ಹಿಂದೆ ಕಾರು ಓಡಿಬರುತ್ತದೆ! ಟ್ಯೂನನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಸ್ವರ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಹಾಳೆಯ ಮೇಲೆ ಗುರು (ಎರಡು ಮಾತ್ರೆ), ಲಘು (ಒಂದು ಮಾತ್ರೆ) ಎಂದು ಗುರುತಿಸಿ, ಗುರುವಿನ ಜಾಗಕ್ಕೆ ಆ, ಏ, ಓ ಸ್ವರಗಳಿರುವ ಪದಗಳನ್ನು ಹುಡುಕಿ. ಹೀಗೆ ಹುಡುಕಿದ ಹತ್ತು ಪದಗಳಲ್ಲಿ ಒಂದಾದರೂ ಹಾಡಿನ ವಿಷಯವನ್ನು ಸೂಚಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಪ್ರಶ್ನೆ: ಸದಾ ಹಾಡು ಕೇಳುತ್ತಿರುತ್ತೇನೆ. ನಾನು ಕಟ್ಟಿದ ಧಾಟಿ ಬೇರೆಯವರದೇ ಇರಬಹುದೆಂಬ ಭಯದಿಂದ ಅರ್ಧಕ್ಕೇ ಬಿಟ್ಟುಬಿಡುತ್ತೇನೆ.

ಉತ್ತರ: ಮೇಲೆ ಹೇಳಿದ ಮೆಕಾರ್ಟ್ನಿ ಅವರಿಗೂ ಇದೇ ಭಯವಿತ್ತು, ಕನಸಿನ ಟ್ಯೂನ್ ಯಾರದಾದರೂ ಹಳೆಯ ಹಾಡೇ ಎಂದು ಬಲ್ಲವರನ್ನು ಕೇಳುತ್ತ ತಿರುಗಿದ್ದರು. ನಾನಂತೂ ಒಂದು ರಾತ್ರಿಯಿಡೀ ಕುಳಿತು ಕಟ್ಟಿದ ಪಲ್ಲವಿಯನ್ನು ಬೆಳಿಗ್ಗೆ ಗೆಳೆಯನ ಮುಂದೆ ಹಾಡಿದಾಗ, ಅವನು ಎರಡನೆಯ ಸಾಲನ್ನು ನನಗಿಂತ ಮೊದಲೇ ಹಾಡಿ ಮುಗಿಸಿದ. ನಾಚಿಕೆಯಾಯಿತು, ಆದರೆ ಆ ಪಲ್ಲವಿಗೆ ಬರೆದಿದ್ದ ಚರಣ ನನ್ನದೇ ಆಗಿತ್ತು. ಅದಕ್ಕೆ ಹೊಸ ಪಲ್ಲವಿ ಕಟ್ಟಿಕೊಂಡೆ. ಅರ್ಧಕ್ಕೆ ಬಿಟ್ಟಿದ್ದರೆ ಆ ಚರಣವೂ ಇರುತ್ತಿರಲಿಲ್ಲ. ಹಾಗಾಗಿ ಮೊದಲು ಮುಗಿಸಿ, ಎರಡು ದಿನ ಬಿಟ್ಟು, ಹೆಚ್ಚು ಹಾಡು ಕೇಳಿರುವ ಇಬ್ಬರಿಗೆ ಪದಗಳಿಲ್ಲದೆ ಗುನುಗಿ ತೋರಿಸಿ. ಪದಗಳಿದ್ದರೆ ಅವರ ಗಮನ ಅರ್ಥದ ಕಡೆಗೆ ಹರಿಯುತ್ತದೆ.