ಪ್ರತಿಕ್ರಿಯೆ: ನಿರಂಕುಶ ದೊರೆ ತೆರಿಗೆ ಹಾಕಲಾಗದೆ ಹೋದದ್ದೇಕೆ?

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಸರ್ವಶಕ್ತನೆಂದು ಬರೆದ ಮೇಲೆ ಹದಿನಾರನೆಯ ಲೂಯಿ ತೆರಿಗೆಗಾಗಿ ಪರದಾಡಿದ್ದನ್ನು ಹೇಗೆ ವಿವರಿಸುವುದು ಎಂದು ಕೇಳಿದ್ದೀರಿ. ನೀವು ಉತ್ತರವನ್ನು ವರ್ಸೇಲ್ಸ್ ಅರಮನೆಯ ವೈಭವದಿಂದ ಆರಂಭಿಸಿರುವುದೇ ಬಹುಶಃ ತೊಡಕಿಗೆ ಕಾರಣ. ನ್ಯಾಯಾಲಯದಿಂದ ಆರಂಭಿಸಿ.

ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯವಾದ ಪಾರ್ಲೆಮಾಂ ತನ್ನ ಕಡತದಲ್ಲಿ ದಾಖಲಿಸಿಕೊಂಡ ಮೇಲೆಯೇ ರಾಜಾಜ್ಞೆಗೆ ಅಲ್ಲಿ ಕಾನೂನಿನ ಬಲ ಬರುತ್ತಿತ್ತು. ಅಲ್ಲಿನ ನ್ಯಾಯಾಧೀಶರು ಹುದ್ದೆಯನ್ನು ಹಣ ಕೊಟ್ಟು ಕೊಂಡವರು. 1604ರ ಆಜ್ಞೆಯ ನಂತರ ವರ್ಷವರ್ಷ ಶುಲ್ಕ ಕಟ್ಟಿ ಅದನ್ನು ಮಕ್ಕಳಿಗೂ ದಾಟಿಸಬಹುದಿತ್ತು. ಖಜಾನೆ ತುಂಬಿಸಲು ತಾನೇ ಮಾರಿದ್ದನ್ನು ದೊರೆ ಕಿತ್ತುಕೊಳ್ಳುವುದು ಸುಲಭವೇ? ಈ ಭಾಗಕ್ಕೆ ಹೆಚ್ಚು ಸಾಲು ಕೊಡಿ.

ನಂತರ 1673. ಮೊದಲು ದಾಖಲಿಸಿ, ಆಕ್ಷೇಪ ಆಮೇಲೆ ಎಂದು ಹದಿನಾಲ್ಕನೆಯ ಲೂಯಿ ಈ ನ್ಯಾಯಾಧೀಶರ ಬಾಯಿ ಕಟ್ಟಿದ. 1715ರಲ್ಲಿ ಅವನು ತೀರಿಕೊಂಡ ತಿಂಗಳಲ್ಲೇ ಬಾಲದೊರೆಯ ಪರವಾಗಿ ಆಳುತ್ತಿದ್ದ ರಾಜಪ್ರತಿನಿಧಿ, ದಾಖಲಿಸುವ ಮೊದಲೇ ಆಕ್ಷೇಪಿಸುವ ಹಕ್ಕನ್ನು ಮರಳಿಸಿದ. ಪಾರ್ಲೆಮಾಂನ ಅಧಿಕಾರ ಮುರಿಯಲು ಮಂತ್ರಿ ಮೊಪೂ ತಂದ 1771ರ ಸುಧಾರಣೆಯನ್ನು ಐದು ಅಂಕದ ಉತ್ತರದಲ್ಲಿ ಬಿಟ್ಟರೂ ನಡೆದೀತು.

ಕೊನೆಗೆ 1787. ಹೊಸ ಭೂತೆರಿಗೆಗೆ ಒಪ್ಪಿಗೆ ಕೊಡುವ ಅಧಿಕಾರ 1614ರ ನಂತರ ಸೇರದಿದ್ದ ಸ್ಟೇಟ್ಸ್ ಜನರಲ್‌ಗೆ (ಪಾದ್ರಿಗಳು, ಕುಲೀನರು, ಉಳಿದ ಜನರ ಪ್ರತಿನಿಧಿಗಳ ಸಭೆಗೆ) ಮಾತ್ರ ಇದೆ ಎಂದಿತು ಪಾರ್ಲೆಮಾಂ. ಹದಿನಾರನೆಯ ಲೂಯಿ ತಾನೇ ಎದುರು ಕುಳಿತು ತೆರಿಗೆಯ ಆಜ್ಞೆಯನ್ನು ಬಲವಂತವಾಗಿ ದಾಖಲಿಸಿದ. ನ್ಯಾಯಾಧೀಶರು ಅದು ಅಸಿಂಧು ಎಂದರು. ಅವರನ್ನು ತ್ರುವಾ ಪಟ್ಟಣಕ್ಕೆ ಗಡೀಪಾರು ಮಾಡಿ, ಕೆಲವೇ ವಾರಗಳಲ್ಲಿ ವಾಪಸು ಕರೆಸಬೇಕಾಯಿತು. ಇಲ್ಲಿಂದ 1789ರ ಮೇ ತಿಂಗಳ ಸ್ಟೇಟ್ಸ್ ಜನರಲ್ ಸಭೆಗೆ ನೇರವಾಗಿ ಹೋಗಿ.