ಶನಿವಾರದ ಸಭೆ ಮತ್ತು ಕೆಲಸ ಬಿಟ್ಟ ಹುಡುಗರು

ಪ್ರಶ್ನೆ: ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ವಾಲ್ವ್ ತಯಾರಿಕಾ ಘಟಕವೊಂದರಲ್ಲಿ ಸೂಪರ್‌ವೈಸರ್. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕೆಲಸದ ಮೌಲ್ಯಮಾಪನವನ್ನು ಮಾಲೀಕರು ಈಗ ವಾರಕ್ಕೊಮ್ಮೆ ಮಾಡಿಸುತ್ತಿದ್ದಾರೆ. ಪ್ರತಿ ಶನಿವಾರ ಎಲ್ಲರೆದುರು ಯಾರ ಕೈಯಿಂದ ಎಷ್ಟು ಪೀಸ್ ರಿಜೆಕ್ಟ್ ಆಯಿತೆಂದು ನಾನು ಓದಿ ಹೇಳಬೇಕು. ಇದು ಶುರುವಾದ ಮೇಲೆ ಇಬ್ಬರು ಒಳ್ಳೆಯ ಆಪರೇಟರ್‌ಗಳು ಕೆಲಸ ಬಿಟ್ಟರು. ಹೋಗುವಾಗ ಒಬ್ಬ, ‘ಸರ್, ನಿಮಗ ನಮ್ಮ ತಪ್ಪಷ್ಟ ಕಾಣತಾವ್ರಿ’ ಎಂದ. ಮಾಲೀಕರು ಇನ್ನೂ ಬಿಗಿ ಮಾಡು ಎನ್ನುತ್ತಾರೆ. ಈ ಪದ್ಧತಿಯನ್ನೇ ನಿಲ್ಲಿಸಲೇ?

ಉತ್ತರ: ಹೆಸರು ಹಿಡಿದು ಓದುವುದನ್ನು ಈ ಶನಿವಾರದಿಂದಲೇ ಕೈಬಿಡಿ, ಆದರೆ ಹುಡುಗರೊಡನೆ ಅವರ ಕೆಲಸದ ಬಗ್ಗೆ ಮಾತನಾಡುವುದನ್ನು ಮಾತ್ರ ಬಿಡಬೇಡಿ. ವರ್ಷವಿಡೀ ಸುಮ್ಮನಿದ್ದು ಇನ್‌ಕ್ರಿಮೆಂಟ್ ಹೊತ್ತಿಗೆ ಹಳೆಯ ತಪ್ಪುಗಳನ್ನು ಎತ್ತಿ ಆಡುವುದಕ್ಕಿಂತ ಆಗಾಗ ಹೇಳುವುದು ಎಷ್ಟೋ ಮೇಲು ಎಂಬ ನಿಮ್ಮ ಮಾಲೀಕರ ಆಲೋಚನೆ ಸರಿಯಾಗಿಯೇ ಇದೆ.

ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಎಂಬ ಸಂಶೋಧಕರು ಹಿಮ್ಮಾಹಿತಿಯ, ಅಂದರೆ ಕೆಲಸ ಹೇಗಾಗಿದೆ ಎಂದು ಮಾಡಿದವನಿಗೆ ತಿಳಿಸುವುದರ, ಬಗೆಗಿನ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಮ್ಮಾಹಿತಿಯಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸುತ್ತದೆಯಾದರೂ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸದಿಂದ ಸರಿದು ಮನುಷ್ಯನ ಯೋಗ್ಯತೆಯ ಕಡೆ ತಿರುಗಿದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಜತೆಗಾರರೆದುರು ತನ್ನ ಹೆಸರು ಕೇಳಿದ ಹುಡುಗನಿಗೆ ಮಷಿನ್ ನೆನಪಾಗುವುದಿಲ್ಲ, ಹೋದ ಮಾನ ನೆನಪಾಗುತ್ತದೆ.

ನಿಮ್ಮ ಅಂಗಳದ್ದೇ ಒಂದು ಸಂಗತಿ ತೆಗೆದುಕೊಳ್ಳೋಣ. ಹೈಡ್ರೋ ಟೆಸ್ಟ್‌ನಲ್ಲಿ, ಅಂದರೆ ನೀರಿನ ಒತ್ತಡ ಕೊಟ್ಟು ನೋಡುವಾಗ, ವಾಲ್ವ್ ಸೋರಿತು ಎನ್ನಿ. ಟೂಲ್ ಸವೆದು, ವಾಲ್ವ್ ಮುಚ್ಚಿ ಕೂರುವ ಸೀಟಿನ ಮೇಲ್ಮೈ ಒರಟಾಗಿರಬಹುದು, ಸೀಟನ್ನು ಉಜ್ಜಿ ನಯಗೊಳಿಸುವ ಲ್ಯಾಪಿಂಗ್ ಸಾಲದಿರಬಹುದು, ಅಥವಾ ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ನಲ್ಲೇ (ಎರಕದಲ್ಲೇ) ಗಾಳಿ ಸಿಕ್ಕಿಬಿದ್ದು ಆದ ಬ್ಲೋ ಹೋಲ್ ಇದ್ದಿರಬಹುದು. ಕೊನೆಯದರಲ್ಲಿ ಆಪರೇಟರ್‌ನ ತಪ್ಪು ಏನೇನೂ ಇಲ್ಲ; ಆದರೂ ನಿಮ್ಮ ಪಟ್ಟಿಯಲ್ಲಿ ಅದು ಅವನ ಹೆಸರಿನ ಮುಂದೆಯೇ ಬೀಳುತ್ತಿರಬಹುದು, ದಯವಿಟ್ಟು ನೋಡಿ. ಮಾಡದ ತಪ್ಪಿಗೆ ನಾಲ್ಕು ಜನರೆದುರು ತಲೆ ತಗ್ಗಿಸಿದವನು ತಾರಿಹಾಳದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಬೇರೆ ಕೆಲಸ ಹುಡುಕಿದರೆ ಅವನನ್ನು ಹೇಗೆ ದೂರುವುದು? ಆದ್ದರಿಂದ ಪೀಸ್ ಕೆಟ್ಟ ದಿನವೇ, ಆ ಮಷಿನ್ ಹತ್ತಿರವೇ ನಿಂತು, ಅದನ್ನು ಅವನ ಕೈಗೆ ಕೊಟ್ಟು, ‘ಇಲ್ಲಿ ಏನಾಗಿರಬಹುದು, ನಿನಗ ಏನ ಅನಸ್ತದ?’ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಕಾಯಿರಿ. ಅವನು ಟೂಲಿಗೆ ಹೊಸ ಇನ್ಸರ್ಟ್ (ಕತ್ತರಿಸುವ ತುದಿ) ಬೇಕೆಂದರೆ ತರಿಸಿಕೊಡಿ. ಕೇಳಿ ಏನೂ ಮಾಡದಿದ್ದರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ.

ಮೆಚ್ಚುಗೆಯೂ ಇಷ್ಟೇ ಖಚಿತವಾಗಿರಲಿ. ‘ಶಾಬಾಸ್’ ಎಂದು ಎಲ್ಲರಿಗೂ ಹಂಚುವ ಬದಲು, ‘ನಿನ್ನೆಯ ಲಾಟಿನಲ್ಲಿ ಒಂದೂ ಸೀಟ್ ಸೋರಲಿಲ್ಲ, ಸೆಟ್ಟಿಂಗ್ ಚೆನ್ನಾಗಿ ಹಿಡಿದಿದ್ದೀ’ ಎನ್ನಿ.

ಸಂಬಳ ತೀರಾ ಕಡಿಮೆ ಇದ್ದರೆ ಒಳ್ಳೆಯ ಮಾತು ಅವರನ್ನು ಬಹಳ ದಿನ ಹಿಡಿದಿಡಲಾರದು ಎಂಬುದನ್ನೂ ಮಾಲೀಕರ ಮುಂದೆ ಮುಚ್ಚಿಡಬೇಡಿ. ಹೊಸಬರು ಕೈ ಕುದುರಿಸಿಕೊಳ್ಳುವವರೆಗೆ ಹಾಳಾದ ಪೀಸ್‌ಗಳ ಮತ್ತು ತಡವಾದ ಆರ್ಡರ್‌ಗಳ ಲೆಕ್ಕವನ್ನು ಅವರೆದುರು ಇಟ್ಟು, ಒಂದೆರಡು ತಿಂಗಳು ನಿಮ್ಮ ರೀತಿಯಲ್ಲಿ ನಡೆಸಲು ಅವಕಾಶ ಕೇಳಿ. ಶನಿವಾರದ ಸಭೆ ಬೇಕೇ ಬೇಕೆಂದು ಅವರು ಹಟ ಹಿಡಿದರೆ, ಹೆಸರುಗಳನ್ನು ತೆಗೆದು, ರಿಜೆಕ್ಟ್ ಆದದ್ದಕ್ಕೆ ಕಾರಣಗಳನ್ನಷ್ಟೇ ಓದಿ.

ಬಿಟ್ಟು ಹೋದ ಆ ಹುಡುಗನಿಗೆ ಒಂದು ಫೋನ್ ಮಾಡಿ. ವಾಪಸ್ ಬಾ ಎಂದು ಒತ್ತಾಯಿಸಬೇಡಿ. ಯಾವ ಶನಿವಾರದ ಯಾವ ಮಾತು ಅವನಿಗೆ ಚುಚ್ಚಿತು ಎಂದು ಕೇಳಿ, ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಿ. ಈಗ ಇರುವವರೊಡನೆ ಹೇಗೆ ಮಾತನಾಡಬೇಕೆಂಬುದಕ್ಕೆ ಅವನಷ್ಟು ನೇರವಾಗಿ ಹೇಳಬಲ್ಲವರು ನಿಮಗೆ ಬೇರೆ ಸಿಗಲಾರರು.